ಎದುರಿನ ಅಂಗಡಿ ಮುಳುಗಲಿ ಎಂದು

ಎರಡು ವರ್ಷದ ಹಿಂದಿನ ಮಾತು. ಯುಗಾದಿಗೆ ಇನ್ನೂ ಹದಿನೈದು ದಿನವಿತ್ತು. ಕೊಟ್ಟೂರಿನಲ್ಲಿ ನಮ್ಮದೊಂದು ಕಿರಾಣಿ ಅಂಗಡಿ ಇದೆ. ಅಪ್ಪ ಇಟ್ಟದ್ದು, ಈಗ ನಾನು ನಡೆಸುತ್ತೇನೆ. ರಸ್ತೆಯ ಆ ಬದಿಗೆ, ಸರಿಯಾಗಿ ನಮ್ಮೆದುರಿಗೆ, ಕೊಟ್ರೇಶನ ಅಂಗಡಿ. ಅವನು ನನಗಿಂತ ಹತ್ತು ವರ್ಷ ಚಿಕ್ಕವನು, ಅಂಗಡಿ ಇಟ್ಟು ಆಗ ಹನ್ನೊಂದು ವರ್ಷವಾಗಿತ್ತು. ಆ ಹನ್ನೊಂದು ವರ್ಷವೂ ನಾನು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ಮಾಡಿದ ಮುಖ್ಯ ಕೆಲಸವೆಂದರೆ ಅವನ ಮೆಟ್ಟಿಲು ಎಷ್ಟು ಜನ ಹತ್ತಿದರು ಎಂದು ನೋಡುವುದು.

ಅವನು ಮಾರುವ ಅಕ್ಕಿಯನ್ನೇ ನಾನೂ ಮಾರುತ್ತಿದ್ದೆ. ಆದರೂ ಉಜ್ಜಿನಿ ಕಡೆಯ ಬಸ್ಸಿನಿಂದ ಇಳಿದ ಹೆಂಗಸರು ನೆಟ್ಟಗೆ ಅವನ ಅಂಗಡಿಗೇ ಹೋಗುತ್ತಿದ್ದರು. ಅವನು ಗಾಜಿನ ಬಾಗಿಲು ಹಾಕಿಸಿದ ದಿನ ನನಗೆ ಊಟ ಸೇರಲಿಲ್ಲ. ದೊಡ್ಡ ಫ್ರಿಜ್ ತಂದ ದಿನ ಸುಮ್ಮಸುಮ್ಮನೆ ಹೆಂಡತಿಯ ಮೇಲೆ ರೇಗಿದೆ. ಶಾಂತಾ ಕೇಳಿಸಿಕೊಂಡು ಸುಮ್ಮನಿರುವವಳಲ್ಲ. "ನೀವು ನಮ್ಮ ಅಂಗಡಿ ನಡಸಾಕ ಕುಂತೀರೋ, ಆತನ ಅಂಗಡಿ ಕಾಯಾಕ ಕುಂತೀರೋ?" ಎಂದಳು.

ಅಂಥದರಲ್ಲಿ ಒಂದು ಮಧ್ಯಾಹ್ನ ಇಸ್ತ್ರಿ ಮಾಡಿದ ಅಂಗಿ ತೊಟ್ಟವನೊಬ್ಬ ಬಂದ. ಹರಪನಹಳ್ಳಿಯಲ್ಲಿ ಆಗಲೇ ದೊಡ್ಡ ಸೂಪರ್ ಮಾರ್ಕೆಟ್ ತೆರೆದಿದ್ದ ಕಂಪನಿಯವನು. ಇನ್ನು ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿಯಲ್ಲೂ ತೆರೆಯುತ್ತಾರಂತೆ. ಹರಪನಹಳ್ಳಿಯಲ್ಲಿ ಗೋದಾಮು, ಅಲ್ಲಿಂದ ಎಲ್ಲ ಊರಿಗೂ ಒಂದೇ ಲಾರಿ ಸುತ್ತು ಹಾಕುತ್ತದೆ, ಒಂದೇ ಊರಿಗಾದರೆ ಗಿಟ್ಟುವುದಿಲ್ಲ, ಐದು ಊರು ಸೇರಿದರೆ ಗಿಟ್ಟುತ್ತದೆ ಎಂದು ವಿವರಿಸಿದ. ಮಾಲು ಮಿಲ್ಲಿನಿಂದ ನೇರ ಬರುವುದರಿಂದ ಅಗ್ಗವೂ ಆಗುತ್ತದಂತೆ. ಆಮೇಲೆ ಹೇಳಿದ, "ಈ ಪೇಟೆ ಬಗ್ಗೆ ನಿಮ್ಮಷ್ಟು ಗೊತ್ತಿರೋರು ಯಾರೂ ಇಲ್ವಂತೆ ಸರ್." ನಾನು ಅಲ್ಲೇ ಕರಗಿಹೋದೆ. ಸ್ಟೂಲು ಎಳೆದು ಕೂರಿಸಿ ಚಹಾ ತರಿಸಿದೆ.

ಅವನನ್ನು ಹೊರಗಟ್ಟಬೇಕಿತ್ತು. ಆದರೆ ನನ್ನ ತಲೆ ಬೇರೆ ಲೆಕ್ಕ ಹಾಕಿತು. ನನ್ನ ಗಿರಾಕಿಗಳು ಅಪ್ಪನ ಕಾಲದವರು, ಎಲ್ಲಿಗೂ ಹೋಗುವುದಿಲ್ಲ. ಕೊಟ್ರೇಶನ ಗಿರಾಕಿಗಳು ಗಾಜಿನ ಬಾಗಿಲು ನೋಡಿ ಬಂದವರು, ಅದಕ್ಕಿಂತ ದೊಡ್ಡ ಗಾಜು ಕಂಡರೆ ಅತ್ತ ಓಡುತ್ತಾರೆ. ಅವನು ಮುಳುಗುತ್ತಾನೆ, ನಾನು ಕುಳಿತು ನೋಡುತ್ತೇನೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ, ಆದರೆ ಅವತ್ತು ಖುಷಿಯಾಗಿತ್ತು.

ಒಂದು ಗಂಟೆ ಮಾತಾಡಿದೆ. ಅಕ್ಕಿಯನ್ನು ಪ್ಯಾಕೆಟ್ಟಿನಲ್ಲಿ ಮುಚ್ಚಿಡಬೇಡಿ ಎಂದೆ. ನಮ್ಮ ಕಡೆ ಹೆಂಗಸರು ಅಕ್ಕಿಯನ್ನು ಅಂಗೈ ಮೇಲೆ ಸುರಿದು ಉಜ್ಜಿ, ಎರಡು ಕಾಳು ಬಾಯಿಗೆ ಹಾಕಿ ಕಡಿದು ನೋಡದೆ ಕೊಳ್ಳುವುದಿಲ್ಲ. ಮೆಣಸಿನಕಾಯಿಯನ್ನೂ ಮುರಿದು ಮೂಸಿ ನೋಡಬೇಕು. ಹಾಗಾಗಿ ಎರಡನ್ನೂ ಬಾಗಿಲ ಹತ್ತಿರವೇ ಬಿಚ್ಚಿಡಿ ಎಂದೆ. ಅಮಾವಾಸ್ಯೆಯ ಹಿಂದಿನ ದಿನ ತೆಂಗಿನಕಾಯಿ, ಮಂಡಕ್ಕಿ, ಪುಟಾಣಿ ಎಷ್ಟು ಬೇಕಾಗುತ್ತದೆ ಎಂದೂ ಹೇಳಿದೆ. ಕೊನೆಗೆ ಜಾಗವನ್ನೂ ತೋರಿಸಿಕೊಟ್ಟೆ. ಬಸ್ ಸ್ಟ್ಯಾಂಡ್ ದಾಟುತ್ತಲೇ ಒಂದು ಹಳೆಯ ಗೋದಾಮು ಖಾಲಿ ಬಿದ್ದಿತ್ತು. ಉಜ್ಜಿನಿಯವರು ಬಸ್ಸಿಳಿದು ಕೊಟ್ರೇಶನ ಕಡೆ ತಿರುಗುವ ಮೊದಲೇ ನಿಮ್ಮ ಬಾಗಿಲು ಕಾಣಬೇಕು ಎಂದೆ. ಅವನು ಎಲ್ಲವನ್ನೂ ಮೊಬೈಲಿನಲ್ಲಿ ಬರೆದುಕೊಂಡ. ನನ್ನ ಮಾತನ್ನು ಅಷ್ಟು ಗಮನವಿಟ್ಟು ಕೇಳಿದವರು ನನ್ನ ಜನ್ಮದಲ್ಲೇ ಇಲ್ಲ.

ದಸರಾಕ್ಕೆ ಮೊದಲೇ ಅದೇ ಗೋದಾಮಿನಲ್ಲಿ ಸೂಪರ್ ಮಾರ್ಕೆಟ್ ಶುರುವಾಯಿತು. ನಾನೂ ನೋಡಲು ಹೋದೆ. ಒಳಗೆ ಕಾಲಿಡುತ್ತಲೇ ಸ್ಟೀಲಿನ ಡಬ್ಬಗಳಲ್ಲಿ ಅಕ್ಕಿ ಬಿಚ್ಚಿಟ್ಟಿದ್ದರು. 'ಮುಟ್ಟಿ ನೋಡಿ ಕೊಳ್ಳಿ' ಎಂದು ಮೇಲೊಂದು ಬೋರ್ಡು. ನನ್ನದೇ ಮಾತು. ನಂಬುತ್ತೀರೋ ಇಲ್ಲವೋ, ಮೊದಲು ಹೆಮ್ಮೆಯಾಯಿತು. ಸಕ್ಕರೆ ಮಾತ್ರ ಎಲ್ಲಕ್ಕಿಂತ ಹಿಂದೆ, ಕಟ್ಟಕಡೆಯ ಗೋಡೆಗೆ ಇತ್ತು. ಅದರ ಬೆಲೆಯನ್ನು ಎರಡೆರಡು ಸಲ ಓದಿದೆ, ನನಗೆ ಸಗಟಿನಲ್ಲೇ ಅಷ್ಟಕ್ಕೆ ಸಿಗುವುದಿಲ್ಲ. ಆ ಸಕ್ಕರೆ ತೆಗೆದುಕೊಳ್ಳಬೇಕಾದರೆ ಬಿಸ್ಕತ್ತು, ಸೋಪು, ಬಕೆಟ್ಟುಗಳ ಸಾಲನ್ನೆಲ್ಲ ದಾಟಬೇಕು. ಸುಮ್ಮನೆ ನೋಡಲು ಹೋದ ನಾನೇ ಬೇಡವಾದ ಒಂದು ಪ್ಲಾಸ್ಟಿಕ್ ಮಗ್ಗು ಹಿಡಿದುಕೊಂಡು ಹೊರಗೆ ಬಂದೆ.

ಮೊದಲ ತಿಂಗಳು ಕೊಟ್ರೇಶನ ಅಂಗಡಿ ಖಾಲಿಯಾಯಿತು. ನನಗೆ ಎರಡು ರೊಟ್ಟಿ ಹೆಚ್ಚೇ ಸೇರಿದವು. ಎರಡನೆಯ ತಿಂಗಳು, ಅಪ್ಪನ ಕಾಲದಿಂದ ನಮ್ಮಲ್ಲಿಗೇ ಬರುತ್ತಿದ್ದ ಮೇಷ್ಟರ ಮನೆಯ ತಿಂಗಳ ಸಾಮಾನಿನ ಚೀಟಿ ಬರಲಿಲ್ಲ. ಸಂಜೆ ಮೇಷ್ಟರ ಹೆಂಡತಿ ಸೂಪರ್ ಮಾರ್ಕೆಟ್ಟಿನ ಚೀಲ ಹಿಡಿದು ಬರುತ್ತಿದ್ದರು. ನನ್ನನ್ನು ಕಂಡವರೇ ರಸ್ತೆಯ ಆ ಬದಿಗೆ ಹೋದರು. ಆಮೇಲೆ ಒಬ್ಬೊಬ್ಬರಾಗಿ ಉಳಿದ ಚೀಟಿಗಳೂ ನಿಂತವು. ಹೀಗೇ ಆದರೆ ಇನ್ನಾರು ತಿಂಗಳಿಗೆ ಅಪ್ಪನ ಅಂಗಡಿಗೆ ಬೀಗ ಬೀಳುತ್ತದೆ ಎಂದು ನನಗೆ ಗೊತ್ತಾಗಿಹೋಯಿತು.

ಆಗ ಒಂದು ದಿನ ಕೊಟ್ರೇಶ ನಮ್ಮ ಅಂಗಡಿಗೆ ಬಂದ. ಹನ್ನೊಂದು ವರ್ಷದಲ್ಲಿ ಅದೇ ಮೊದಲು. ಚೀಲದ ಮೇಲೆ ಕುಳಿತು, ಸಕ್ಕರೆ, ಎಣ್ಣೆ ಇಬ್ಬರೂ ಕೂಡಿ ಒಂದೇ ಲೋಡ್ ತರಿಸೋಣ, ಆಗ ನಮಗೂ ಕಡಿಮೆ ಬೆಲೆಗೆ ಸಿಗುತ್ತದೆ ಎಂದ. "ನನ್ನೊಬ್ಬನ ಕೈಲೆ ಆಗಂಗಿಲ್ಲ ಸಿದ್ದಣ್ಣ. ನಿಮ್ಮೊಬ್ರ ಕೈಲೂ ಆಗಂಗಿಲ್ಲ" ಎಂದ. ಮಾತು ನಿಜವಾಗಿತ್ತು. ಅವನು ಹೇಳಿದ್ದನ್ನೇ ನಾನು ಯೋಚಿಸುತ್ತಿದ್ದಾಗ ಅವನೇ ಮುಂದುವರಿಸಿದ.

"ಆ ಕಂಪನಿಯವ ಮೊದಲು ನನ್ನತ್ರಾನ ಬಂದಿದ್ದ. ನನಗೇನು ಗೊತ್ತೈತಿ, ಈ ಪ್ಯಾಟಿ ಬಗ್ಗೆ ಸಿದ್ದಣ್ಣನಷ್ಟು ಗೊತ್ತಿರೋರು ಯಾರೂ ಇಲ್ಲ, ಹೋಗಿ ಅವರನ್ನ ಕೇಳು ಅಂದೆ. ನೀವು ನಾಕು ಮಾತು ಬೈದು ಕಳಿಸ್ತೀರಿ ಅಂತ ಗೊತ್ತಿತ್ತು ನನಗ. ಆದ್ರೂ ಯಾವನೋ ಅಕ್ಕಿ ಬಿಚ್ಚಿಡಾಕ ಹೇಳಿಕೊಟ್ಟಾನ ನೋಡ್ರಿ."

"ಹೂಂ, ಯಾವನೋ" ಎಂದೆ.

ಈಗ ಪ್ರತಿ ತಿಂಗಳು ನಮ್ಮಿಬ್ಬರ ಲೋಡ್ ಒಂದೇ ಗಾಡಿಯಲ್ಲಿ ಬರುತ್ತದೆ. ಅರ್ಧ ಅಲ್ಲಿ ಇಳಿಯುತ್ತದೆ, ಅರ್ಧ ಇಲ್ಲಿ. ಸೂಪರ್ ಮಾರ್ಕೆಟ್ಟೂ ನಡೆಯುತ್ತಿದೆ, ನಾವೂ ಹೇಗೋ ಉಸಿರಾಡುತ್ತಿದ್ದೇವೆ. ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳಿದರೆ ಇಲ್ಲ. ಕಳೆದ ವಾರ ಅವನು ಹೊಸ ಎಲೆಕ್ಟ್ರಾನಿಕ್ ತಕ್ಕಡಿ ತಂದಾಗಲೂ ಹೊಟ್ಟೆ ಚುರುಕ್ಕೆಂದಿತು. ಆದರೆ ಅದಕ್ಕಿಂತ ದೊಡ್ಡ ಉರಿ ಇನ್ನೊಂದಿದೆ. ಎದುರಿನ ಅಂಗಡಿಯವನ ಬಗ್ಗೆ ಪರವೂರಿನವನ ಮುಂದೆ ಒಳ್ಳೆಯ ಮಾತಾಡುವುದು ಅವನಿಗೆ ಅಷ್ಟು ಸಲೀಸಾಗಿ ಬಂತು. ನನಗೆ ಯಾಕೆ ಬರಲಿಲ್ಲ ಎಂದು ಈಗಲೂ ಸಂಕಟವಾಗುತ್ತದೆ.

ಬಾಯಿಬಿಟ್ಟು ಹೇಳಲು ಎಷ್ಟೋ ಸಲ ಹೊರಟೆ. ಹೇಳಿದರೆ ಲೋಡ್ ನಿಲ್ಲುತ್ತದೆ, ಅಂಗಡಿ ಹೋಗುತ್ತದೆ ಎಂಬ ಭಯ ಪ್ರತಿ ಸಲವೂ ಹಿಂದಕ್ಕೆ ಎಳೆಯಿತು. "ಹೇಳಾಕ ಆಗದಿದ್ರ ಬರೀರಿ" ಎಂದಳು ಶಾಂತಾ. ಬರೆದು ಈ ಪತ್ರಿಕೆಗೆ ಕಳಿಸುತ್ತಿದ್ದೇನೆ, ಇದು ಕೊಟ್ರೇಶನ ಅಂಗಡಿಗೂ ಬರುತ್ತದೆ. ಮಧ್ಯಾಹ್ನ ಗಿರಾಕಿ ಇಲ್ಲದಾಗ ಅವನು ಓದುತ್ತಾನೆ, ಇಲ್ಲಿಂದ ಕಾಣುತ್ತದೆ.

ಕೊಟ್ರೇಶ, ಆ ಯಾವನೋ ನಾನೇ.