ಬೋರ್ಡು ಹಾಕದೆ ಮಾರಿದ ಮನೆ

ಆ ದಿನ ನಮ್ಮ ಓಣಿಗೆ ನಳದ ನೀರು ಬರುವ ಸರದಿ. ಐದೂವರೆಗೆ ಎದ್ದು ಕೊಡ, ಡ್ರಮ್ಮು, ಹಿತ್ತಲ ಬಾನಿ ಎಲ್ಲ ತುಂಬಿಸಿದೆ. ರೊಟ್ಟಿ ಬಡಿದು ಡಬ್ಬಿ ಕಟ್ಟಿದ ಮೇಲೆ ನೆನಪಾಯಿತು: ಹುಮನಾಬಾದಿನ ಶಾಲೆಯೊಂದರಲ್ಲಿ ಗುಮಾಸ್ತರಾಗಿರುವ ನಮ್ಮ ಮನೆಯವರು ಇವತ್ತು ರಜೆ ಹಾಕಿದ್ದಾರೆ. ಡಬ್ಬಿ ಬಿಚ್ಚಿದೆ. ಹನ್ನೊಂದಕ್ಕೆ ನಮ್ಮ ಬಸವಕಲ್ಯಾಣದ ಮನೆಗೆ ಬಯಾನಾ, ಅಂದರೆ ಮುಂಗಡ, ತೆಗೆದುಕೊಳ್ಳುವುದಿತ್ತು. ಇದು ಗೊತ್ತಿದ್ದದ್ದು ನಮ್ಮಿಬ್ಬರಿಗೆ, ಕೊಳ್ಳುವವರಿಗೆ, ಏಜಂಟ್ ಸಿದ್ರಾಮಪ್ಪನಿಗೆ. ಗೋಡೆಯಾಚೆಯ ಕಮಲಾಬಾಯಿಗೆ ಗೊತ್ತಿರಲಿಲ್ಲ. ಹದಿನೆಂಟು ವರ್ಷದಲ್ಲಿ ಅವರಿಗೆ ಗೊತ್ತಿರದ ನನ್ನ ಸಂಗತಿ ಇದೊಂದೇ.

ದಿನವೂ ಬಸ್ಸಿನಲ್ಲಿ ಓಡಾಡಿ ನಮ್ಮವರ ಬೆನ್ನು ಸೋತಿತ್ತು. ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ ಚಿಕ್ಕದೊಂದು ಮನೆ ನೋಡಿ ಈ ಮನೆ ಮಾರುವುದೆಂದು ಠರಾಯಿಸಿದರು. ಗೇಟಿಗೆ ಬೋರ್ಡು ಹಾಕೋಣವೇ ಎಂದು ನಾನು ಕೇಳಿದ್ದಕ್ಕೆ ಸಿದ್ರಾಮಪ್ಪ ಚಹದ ಕಪ್ಪು ಕೆಳಗಿಟ್ಟ. "ಬೋರ್ಡು ಕಂಡ್ರ ಮಂದಿ ಏನ್ ಅಡಚಣಿ ಬಂತೋ ಅಂತ ರೇಟು ಇಳಸ್ತಾರ್ರಿ ವೈನಿ. ಚುಪ್‌ಚಾಪ್ ಮಾಡೂಣ. ಗಿರಾಕಿ ನನ್ನ ಕಿಸೇದಾಗ ಅದಾರ."

ಮಗಳಿಗೆ ವರ ಹುಡುಕುವಾಗ ನಾವು ಐವತ್ತು ಮನೆಗೆ ಹೇಳಿ ಕಳಿಸುತ್ತೇವೆ. ಬದನೆಕಾಯಿಯ ಬೆಲೆಯನ್ನು ನಾಲ್ಕು ಬುಟ್ಟಿಯ ಮುಂದೆ ನಿಂತು ಕೇಳುತ್ತೇವೆ. ಮನೆಯನ್ನು ಮಾತ್ರ ಒಬ್ಬನ ಕಿಸೆಯಲ್ಲಿರುವ ಗಿರಾಕಿಗೆ ಒಪ್ಪಿಸಿದೆವು. ಕೊಳ್ಳುವವರ ಪರವಾಗಿ ನಮ್ಮೊಡನೆ ಚೌಕಾಶಿ ಮಾಡಿದವನೂ, ನಮ್ಮ ಪರವಾಗಿ ಅವರೊಡನೆ ಮಾಡಿದವನೂ ಒಬ್ಬನೇ ಸಿದ್ರಾಮಪ್ಪ. ಆತ ತನ್ನೊಳಗೇ ಎಷ್ಟು ಜಗಳವಾಡಿದನೋ ತಿಳಿಯದು. ಮನೆಯ ಬೆಲೆ ಎಷ್ಟೆಂದು ನನಗೆ ಈಗಲೂ ಗೊತ್ತಿಲ್ಲ. ಒಬ್ಬರು ಎಷ್ಟು ಕೊಟ್ಟರೆಂದು ಮಾತ್ರ ಗೊತ್ತು.

ನಮ್ಮ ಕಡೆ ಒಂದು ರೂಢಿಯಿದೆ. ಹೊಲವಾಗಲಿ ಮನೆಯಾಗಲಿ, ಮಾರುವ ಮೊದಲು ಬಾಜೂದವರನ್ನು, ಪಕ್ಕದವರನ್ನು, ಒಂದು ಮಾತು ಕೇಳಬೇಕು. ಕೊಳ್ಳುವ ತ್ರಾಣ ಅವರಿಗಿಲ್ಲವೆಂದು ಗೊತ್ತಿದ್ದರೂ ಕೇಳಬೇಕು, ಅದು ಮರ್ಯಾದೆ. ಇದನ್ನು ನೆನಪಿಸಿದಾಗ ನಮ್ಮವರು, "ಕಮಲಾಬಾಯಿಗೆ ಒಂದು ಮನಿ ಅದ. ಇನ್ನೊಂದು ತಗೊಂಡು ತಲಿ ಮ್ಯಾಲ ಇಟ್ಕೋತಾರೇನು? ಸುಮ್ನಿರು," ಎಂದರು. ಸುಮ್ಮನಿದ್ದೆ. ಅದು ನಾನು ಕಲಿತ ವಿದ್ಯೆ. ಕಾನ್ವೆಂಟಿನಲ್ಲಿ ಸಿಸ್ಟರು ನಮ್ಮನ್ನು ತುಟಿಯ ಮೇಲೆ ಬೆರಳಿಡಿಸಿ ಕೂರಿಸುತ್ತಿದ್ದರು. ನನ್ನ ಬೆರಳು ಇನ್ನೂ ಪೂರ್ತಿ ಕೆಳಗಿಳಿದಿಲ್ಲ. ಮುಚ್ಚಿಡುವುದು ಸುಳ್ಳಿನ ತಂಗಿ ಎಂದು ಹೇಳಿಕೊಟ್ಟವರೂ ಅದೇ ಸಿಸ್ಟರು. ಎರಡನ್ನೂ ಒಂದೇ ಶಾಲೆಯಲ್ಲಿ ಕಲಿತವಳು ಏನು ಮಾಡಬೇಕು?

ಕೊಳ್ಳುವವರು ಮನೆ ನೋಡಲು ಬಂದ ದಿನ ಆ ತಂಗಿಯ ಜೊತೆ ಸುಳ್ಳೆಂಬ ಅಕ್ಕನೂ ಬಂದಳು. "ಯಾರ್ರಿ ವೈನಿ ಬಂದಾರ?" ಎಂದು ಕಮಲಾಬಾಯಿ ಗೋಡೆಯ ಮೇಲಿಂದ ಕೇಳಿದರು. "ನಮ್ಮ ಮನಿಯವರ ಕಡೆಯವರು," ಎಂದುಬಿಟ್ಟೆ. ಆ ಸಂಬಂಧಿಕರು ಹೆಜ್ಜೆ ಎಣಿಸಿ ಪಡಸಾಲೆ ಅಳೆದರು. ನಳ ತಿರುವಿದರು. ಅಡುಗೆಮನೆಯ ಗೋಡೆಗೆ ಕಿವಿಗೊಟ್ಟು ತಟ್ಟಿ ನೋಡಿದರು. ಅಷ್ಟರಲ್ಲಿ ಕಮಲಾಬಾಯಿ ಒಂದು ತಾಟು ಶೇಂಗಾ ಹೋಳಿಗೆ ಹಿಡಿದು ಬಂದರು. "ಬೀಗರು ಬಂದಾರ, ಬರೇ ಚಾ ಕೊಟ್ಟು ಕಳಸ್ತೀರೇನು?" ಬೀಗರು ತಿಂದು, ಚೆನ್ನಾಗಿದೆ ಎಂದರು. ನಾನು ನನ್ನ ಪಾಲಿನದನ್ನು ಡಬ್ಬಿಯಲ್ಲಿ ಮುಚ್ಚಿಟ್ಟೆ.

ಆಮೇಲಿನ ಮೂರು ವಾರ ನಾನು ಗೋಡೆಯ ಬಳಿ ಹೆಚ್ಚು ನಿಲ್ಲಲಿಲ್ಲ. ಒಲೆಯ ಮೇಲೆ ಹಾಲಿದೆ ಎಂದು ಒಳಗೋಡುತ್ತಿದ್ದೆ. ದಿನಕ್ಕೆ ನಾಲ್ಕು ಸಲ ಹಾಲಿಡುವ ಮನೆ ನಮ್ಮದಲ್ಲವೆಂದು ಅವರಿಗೂ ಗೊತ್ತು. ಬೆಳಿಗ್ಗೆಯಿಂದ ಸಂಜೆಯವರೆಗೆ ಒಬ್ಬಳೇ ಇರುವ ನನಗೆ ಆ ಗೋಡೆಯೇ ಪೇಟೆ, ಪೇಪರು, ತವರು. ಬಹಿರಂಗವಾಗಿ ಮನೆ ಮಾರುವವರಿಗೆ ಓಣಿಯವರು ಬಂದು, "ಹೋಗಬೇಡಿ" ಎನ್ನುತ್ತಾರೆ, ಇಬ್ಬರಾದರೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ನಾನು ಒಳಗಿನ ಕೋಣೆಯಲ್ಲಿ ಟ್ರಂಕು ತುಂಬಿಸುತ್ತ, ಸದ್ದಾದೀತೆಂದು ಮುಚ್ಚಳವನ್ನೂ ಮೆಲ್ಲಗೆ ಮುಚ್ಚಿದೆ.

ಹನ್ನೊಂದಕ್ಕೆ ಸಹಿಗಳಾದವು. ಪೇಢೆ ಹಂಚಿದರು. ಕೊಳ್ಳುವ ಹೆಂಗಸು ನನ್ನನ್ನು ಕೇಳಿದ್ದು ಒಂದೇ ಮಾತು: "ಬಾಜೂದವರು ಹ್ಯಾಂಗ ಅದಾರ್ರಿ?" ನಾನು, "ಭಾಳ ಛಲೋ," ಎಂದೆ. ನನ್ನ ಪಾಲಿನ ಚೌಕಾಶಿಯಲ್ಲಿ ಅದೊಂದನ್ನೇ ನಾನು ಬಾಯಿಬಿಟ್ಟು ಹೇಳಿದ್ದು.

ಸಂಜೆ ತಡೆಯಲಾಗಲಿಲ್ಲ. ಕಮಲಾಬಾಯಿ ಕಟ್ಟೆಯ ಮೇಲೆ ಮೊರ ಹಿಡಿದು ಬೇಳೆ ಹಸನು ಮಾಡುತ್ತಿದ್ದರು. ಪಕ್ಕದಲ್ಲಿ ಕೂತು, "ಅಕ್ಕಾ, ನಾವು ಮನಿ ಕೊಟ್ಟೇವಿ. ಇವತ್ತ ಬಯಾನಾ ಆತು," ಎಂದೆ. ಬೈದಿದ್ದರೆ ಹಗುರಾಗುತ್ತಿದ್ದೆ. ಅವರು ಮೊರದಿಂದ ಒಂದು ಹರಳು ಹೆಕ್ಕಿ ಬೀದಿಗೆಸೆದು, ನನ್ನ ಕಡೆ ನೋಡದೆ ಹೇಳಿದರು:

"ನಮ್ಮ ತಮ್ಮ ಈ ಓಣ್ಯಾಗೇ ಮನಿ ಬೇಕಂತ ವರ್ಷಾತು ಹುಡಕಾಕತ್ತಾನ್ರಿ. ನಿಮ್ಮನ್ನ ಕೇಳೂಣಂತ ಎರಡು ಸಲ ಗ್ವಾಡಿ ತನಕ ಬಂದಿದ್ದೆ. 'ಇದ್ದವರ ಮನಿ ಮ್ಯಾಲ ಕಣ್ಣು ಹಾಕ್ಯಾರ ಅಂದಾರು, ಸುಮ್ನಿರು' ಅಂದ್ರು ನಮ್ಮ ಮನಿಯವರು."