ಬೀಗಕ್ಕೂ ಪೂಜೆಯಾದ ಸಂಜೆ

ನನ್ನ ಕಾರಿನ ಕೀಲಿ ಒತ್ತಿದರೆ ಅದು 'ಕುಂಯ್' ಎನ್ನುತ್ತದೆ. ಬಾಗಿಲು ಭದ್ರವಾಯಿತು ಎಂದು ಅದರ ಅರ್ಥ. ಆದರೂ ನಾಲ್ಕು ಹೆಜ್ಜೆ ಹೋದವಳು ತಿರುಗಿ ಬಂದು ಹಿಡಿಯನ್ನು ಜಗ್ಗಿ ನೋಡುತ್ತೇನೆ. ಗೇಟಿನ ಮೇಲೆ ಕ್ಯಾಮೆರಾ ಬೇರೆ ಇದೆ. ಬೆಕ್ಕು ಹಾದುಹೋದರೂ ಫೋನಿಗೆ ಸುದ್ದಿ ಬರುತ್ತದೆ. ಇವತ್ತು ಊರಿಗೆ ಹೊರಟು, ಕಾರನ್ನು ರಸ್ತೆಗೆ ತಂದು ನಿಲ್ಲಿಸಿ, ಗೇಟಿಗೆ ಬೀಗ ಹಾಕಲು ಹೋಗುವ ಮುನ್ನ ಹೀಗೆ ಜಗ್ಗುವಾಗ ಅಪ್ಪ ನೆನಪಾದರು. ಈ ಚಾಳಿ ನನಗೆ ಬಂದದ್ದೇ ಅವರಿಂದ.

ಅಪ್ಪ ಜನ್ಮದಲ್ಲಿ ಒಬ್ಬ ಕಳ್ಳನನ್ನೂ ಕಂಡವರಲ್ಲ. ಆದರೆ ಕಳ್ಳರ ಬಗ್ಗೆ ಅವರಿಗಿದ್ದಷ್ಟು ತಿಳಿವಳಿಕೆ ಪೊಲೀಸರಿಗೂ ಇತ್ತೋ ಇಲ್ಲವೋ. ನಾವಿದ್ದ ತೊಂಬತ್ತರ ದಶಕದ ರಾಮಕೃಷ್ಣನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಮುಂಬಾಗಿಲಿಗೆ ಅಂಗೈಯಗಲದ ಹಿತ್ತಾಳೆ ಬೀಗ, ಹಿತ್ತಲ ಬಾಗಿಲಿಗೆ ಅಡ್ಡಪಟ್ಟಿ, ಕಾರಿನ ಸ್ಟೀರಿಂಗಿಗೆ ಸರಪಳಿ. ಅದೂ ಸಾಲದೆಂದು ಪ್ರತಿ ಸಂಜೆ ಬಾನೆಟ್ ಎತ್ತಿ, ರೋಟರ್ ಎಂಬ ಪುಟ್ಟ ಭಾಗವನ್ನು ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಅದಿಲ್ಲದೆ ಕಾರು ಸ್ಟಾರ್ಟ್ ಆಗದು. ಎಷ್ಟೋ ಬೆಳಿಗ್ಗೆ ಆ ರೋಟರ್ ಒಗೆಯಲು ಹಾಕಿದ ಅಂಗಿಯಲ್ಲಿ ಸಿಕ್ಕಿದೆ. ಕಾರು ಕಳ್ಳರಿಗೆ ದಕ್ಕಲಿಲ್ಲ ನಿಜ, ನಮಗೂ ದಕ್ಕಿದ್ದು ಅಷ್ಟಕ್ಕಷ್ಟೆ.

ಇವೆಲ್ಲದರ ನಡುವೆ ಅಪ್ಪನ ನಿಜವಾದ ಅನುಮಾನ ಎದುರು ಮನೆಯ ಸಿದ್ದಮ್ಮನವರ ಮೇಲೆ. ಅವರು ಇಡೀ ದಿನ ಹೊಸ್ತಿಲ ಮೇಲೆ ಕುಳಿತು ಹೂ ಕಟ್ಟುತ್ತಾ, ಯಾರು ಬಂದರು, ಯಾರು ಹೋದರು ಎಂದು ನೋಡುತ್ತಿದ್ದರು. "ಆಯಮ್ಮನ ಬಾಯಿಂದ್ಲೇ ನಮ್ಮನೆ ಸುದ್ದಿ ಕಳ್ಳರಿಗೆ ಹೋಗೋದು," ಎನ್ನುತ್ತಿದ್ದ ಅಪ್ಪ, ಆಕೆಯ ನೋಟ ತಪ್ಪಿಸಲೆಂದೇ ಕಾಂಪೌಂಡ್ ಗೋಡೆಯನ್ನು ಎತ್ತರಿಸಿಬಿಟ್ಟರು. ಸಿದ್ದಮ್ಮನವರು ಹೊಸ್ತಿಲಿಂದೆದ್ದು ನಮ್ಮ ಗೇಟಿನ ನೇರಕ್ಕೆ ಮಣೆ ಹಾಕಿಕೊಂಡರು.

ಒಂದು ವರ್ಷ ಆಯುಧಪೂಜೆಗೆ ಅಪ್ಪನಿಗೆ ಭಕ್ತಿ ಉಕ್ಕಿತು. ಈಳಿಗೆಮಣೆ, ಕತ್ತರಿ, ಸ್ಪ್ಯಾನರುಗಳ ಸಾಲಿನಲ್ಲಿ ಮನೆಯ ಬೀಗಗಳನ್ನೂ ಕೀಲಿಗಳನ್ನೂ ರೋಟರನ್ನೂ ಇಟ್ಟು, ಎಲ್ಲಕ್ಕೂ ವಿಭೂತಿ ಹಚ್ಚಿದರು. "ನಮ್ಮನ್ನ ಕಾಯೋ ಆಯುಧ ಇವೇ ಅಲ್ವೇನೇ?" ಎಂದು ಅಮ್ಮನನ್ನು ಕೇಳಿದರು. ಮಂಗಳಾರತಿಯಾಯಿತು. ಪೂಜೆಗಿಟ್ಟದ್ದನ್ನು ಮಾರನೆಯ ಬೆಳಿಗ್ಗೆವರೆಗೆ ಯಾರೂ ಮುಟ್ಟುವಂತಿಲ್ಲ.

ಸಂಜೆ ಫೋನು ಬಂತು. ಚಾಮರಾಜಪುರಂನಲ್ಲಿ ಅತ್ತೆಯ ಮನೆಯಲ್ಲಿದ್ದ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಊದಿಸಿಕೊಂಡಿದ್ದರು. ಮಗ ಸೊಸೆ ಇಬ್ಬರೂ ಬರಬೇಕೆಂದು ಹಟ. ಅಪ್ಪ ಬೀಗಕ್ಕೆ ಕೈ ಹಾಕಿದರು. "ಮುಟ್ಟಬೇಡಿ ಕಣ್ರೀ. ನೀವೇ ಇಟ್ಟಿರೋದು," ಎಂದರು ಅಮ್ಮ. ಬೀರುವಿನಲ್ಲಿ ನನ್ನ ಮದುವೆಗೆಂದು ಅಮ್ಮ ಕೂಡಿಸಿಟ್ಟ ಒಡವೆಗಳಿದ್ದವು. ಅದರ ಕೀಲಿಯೂ ದೇವರ ಮುಂದೆ, ಹುಡುಕುವ ಕಷ್ಟವಿಲ್ಲದಂತೆ ಹೂ ಮುಡಿದು ಕುಳಿತಿತ್ತು. ಬೀಗವಿಲ್ಲದ ಮನೆಯಲ್ಲಿ ನನ್ನೊಬ್ಬಳನ್ನೇ ಬಿಡಲು ಅಮ್ಮ ಒಪ್ಪಲಿಲ್ಲ. ಅಪ್ಪ ಗೇಟಿಗೂ ಬಾಗಿಲಿಗೂ ಓಡಾಡತೊಡಗಿದರು.

ಸಿದ್ದಮ್ಮನವರು ಹೂವಿನ ಬುಟ್ಟಿ, ಮಣೆ ಹಿಡಿದು ತಾವಾಗಿಯೇ ಬಂದರು. "ಒಂಟೋಗಿ ಸಾರ್, ಅಜ್ಜಿ ನೋಡ್ಕಂಡು ಬನ್ನಿ. ನಾನಿಲ್ಲೇ ಕುಂತಿರ್ತೀನಿ."

ರೋಟರೂ ದೇವರ ಮುಂದಿದ್ದುದರಿಂದ ಬಾಳೆಕಂದು ಕಟ್ಟಿದ ಆಟೋ ಹಿಡಿದೆವು; ಅಪ್ಪ ದಾರಿಯುದ್ದಕ್ಕೂ ಹಿಂದೆ ತಿರುಗಿ ನೋಡುತ್ತಿದ್ದರು. ಅಜ್ಜಿಯ ಕಾಲು ಉಳುಕಿತ್ತಷ್ಟೆ. ನಾವು ಹಿಂತಿರುಗಿದಾಗ ನಮ್ಮ ಗೇಟಿನಾಚೆ ಮೋರಿಯ ಕಲ್ಲಿನ ಮೇಲೆ, ಸಿಹಿಯ ಡಬ್ಬ ತೊಡೆಯ ಮೇಲಿಟ್ಟುಕೊಂಡು, ನಂಜನಗೂಡಿನ ಚಿಕ್ಕಪ್ಪ ಕುಳಿತಿದ್ದರು. ಒಳಗೆ ಬಾಗಿಲಿಗೆ ಅಡ್ಡವಾಗಿ ಸಿದ್ದಮ್ಮನವರು.

"ಇವ್ರು ನಿಮ್ ತಮ್ಮ ಅಂತವ್ರೆ. ಮುಖ ಏನೋ ನಿಮ್ ತರಾನೇ ಅದೆ. ಆದ್ರೂ ನೀವು ಬರ್ಲಿ ಅಂತ ಆಚೇಲೇ ಕೂರ್ಸಿವ್ನಿ. ತಪ್ಪು ತಿಳ್ಕಬ್ಯಾಡಿ," ಎಂದರು.

ಚಿಕ್ಕಪ್ಪನ ಮುಖ ಕೆಂಪಾಗಿತ್ತು. ಅಪ್ಪ ತಮ್ಮನನ್ನು ಮಾತಾಡಿಸುವುದನ್ನೂ ಮರೆತು ಸಿದ್ದಮ್ಮನವರಿಗೆ ಕೈ ಮುಗಿದರು. ಅಪ್ಪ ಮನುಷ್ಯರಿಗೆ ಹಾಗೆ ಕೈ ಮುಗಿದದ್ದನ್ನು ನಾನು ನೋಡಿದ್ದು ಕಡಿಮೆ. ಹಬ್ಬ ಕಳೆದ ಮೇಲೆ ಗಾರೆಯವನನ್ನು ಕರೆಸಿ, ಏರಿಸಿದ ಗೋಡೆಯನ್ನು ಇಳಿಸಿದರು. ಕಾರಣ ಕೇಳಿದರೆ, ಗಾಳಿ ಬರಲಿ ಅಂತ ಎಂದರು.

ಇಷ್ಟು ನೆನಪಾದ ಮೇಲೆ ನನಗೆ ಕಾರು ಹತ್ತಲು ಮನಸ್ಸಾಗಲಿಲ್ಲ. ರಸ್ತೆ ದಾಟಿ ಎದುರು ಮನೆಯ ಬೆಲ್ ಒತ್ತಿದೆ. ಆ ಮನೆಯ ಹೆಂಗಸು ಬಾಗಿಲು ತೆಗೆದರು. ಇಲ್ಲಿಗೆ ಬಂದು ವರ್ಷಗಳಾದರೂ ಅವರ ಹೆಸರು ಗೊತ್ತಿರಲಿಲ್ಲ. ಊರಿಗೆ ಹೋಗುತ್ತಿದ್ದೇನೆ, ಮನೆಯ ಕಡೆ ಸ್ವಲ್ಪ ನೋಡಿಕೊಳ್ಳಿ ಎಂದೆ.

"ಅದಕ್ಕೇನಂತೆ. ಮೊನ್ನೆ ನೀವು ಕಾರಿನ ಗಾಜು ಇಳಿಸೇ ಬಿಟ್ಟು ಎಲ್ಲೋ ಹೋಗಿದ್ರಲ್ಲ, ಆವತ್ತೂ ನೋಡ್ಕೊಂಡಿದ್ವಿ," ಎಂದರು ಆಕೆ. "ಹೇಳೋಣ ಅಂತ ಬಂದ್ರೆ ಗೇಟಿಗೆ ಬೀಗ. ನೀವು ಬರೋವರೆಗೂ ನಮ್ಮೋರು ಬಾಲ್ಕನೀಲೇ ಕೂತಿದ್ರು ಕಣ್ರೀ."

ಬೆಕ್ಕನ್ನೂ ಬಿಡದ ನನ್ನ ಕ್ಯಾಮೆರಾ ಈ ವಿಚಾರವಾಗಿ ಉಸಿರೆತ್ತಿರಲಿಲ್ಲ. ನಾಚಿಕೆಯೂ ಆಯಿತು, ಸಂತೋಷವೂ ಆಯಿತು. ಆಕೆಯ ಹೆಸರು ಕೇಳಿಕೊಂಡೆ. ಗೇಟಿಗೆ ಬೀಗ ಹಾಕಿದವಳು, ಅದನ್ನು ಜಗ್ಗದೆ ಕಾರು ಹತ್ತಿದೆ.