ಮಂಟಪಕ್ಕೆ ಬಂದ ಇನ್ನೊಬ್ಬ ಸೋದರಮಾವ

ಪೊಳ್ಳಾಚಿ ಹತ್ತಿರದ ನೆಗಮಂನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ನೇಕಾರರೊಬ್ಬರು ಯಾರು ಏನು ಕೇಳಿದರೂ ಮೊದಲು ಹೆಗಲಿನ ಟವೆಲ್ ಕೊಡವುತ್ತಿದ್ದರು. ಆಮೇಲೆ, "ನಾ ಮಾಡ್ದಂಗೆ ಮಾಡು" ಎನ್ನುತ್ತಿದ್ದರು. ಮಗ್ಗ ಕಲಿಯಲು ಬಂದವರಿಗೂ ಅದೇ ಪಾಠ.

ಎಂಬತ್ತರ ದಶಕದಲ್ಲಿ ಅವರ ತಂಗಿಯ ಮಗಳ ಮದುವೆ ನಡೆಯಿತು. ಹುಡುಗಿಯ ತಂದೆಗೆ ತಿರುಪ್ಪೂರಿನಲ್ಲಿ ಬನಿಯನ್ ಕಂಪನಿ ಇತ್ತು. ಅವರಿಂದ ಸರಕು ಕೊಳ್ಳುವ ಜರ್ಮನಿಯವರೊಬ್ಬರು ಮದುವೆಗೆ ಬಂದರು. ಚಪ್ಪಲಿ ಎಲ್ಲಿ ಬಿಡಬೇಕು, ಯಾವ ಕೈಯಲ್ಲಿ ಉಣ್ಣಬೇಕು ಎಂದು ನಾನು ಇಂಗ್ಲಿಷಿನಲ್ಲಿ ಕ್ರಮವಾಗಿ ಹೇಳತೊಡಗಿದೆ.

ನೇಕಾರರು ಟವೆಲ್ ಕೊಡವಿದರು. "ಅಷ್ಟೆಲ್ಲಾ ಯಾಕೆ ಸಾರ್? ನಾ ಮಾಡ್ದಂಗೆ ಮಾಡಕ್ಕೆ ಹೇಳಿ."

ಹಾಗೇ ಹೇಳಿದೆ. ಇವರು ಕಾಲು ತೊಳೆದರೆ ಅತಿಥಿಯೂ ತೊಳೆದರು. ಮುಹೂರ್ತಕ್ಕೆ ಸೋದರಮಾವನಾಗಿ ನೇಕಾರರು ಹುಡುಗಿಯ ಬಲಗೈ ಹಿಡಿದು ಮಂಟಪಕ್ಕೆ ಹೊರಟಾಗ, ಅತಿಥಿ ಎಡಗೈ ಹಿಡಿದು ಜೊತೆಗೇ ಹೊರಟರು. ನಾದಸ್ವರ ತಡವರಿಸಿತು. ತಂಗಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ನೇಕಾರರಿಗೆ ಉಳಿದಿದ್ದ ಹಕ್ಕು ಹೀಗೆ ಹುಡುಗಿಯ ಕೈ ಹಿಡಿದು ಕರೆತರುವುದೊಂದೇ. ತಡೆಯಬೇಕಾದವನು ನಾನೇ; ಯಾರಿಗೆ, ಯಾವ ಭಾಷೆಯಲ್ಲಿ, ಏನು ಹೇಳಲಿ ಎಂದು ಯೋಚಿಸುತ್ತಲೇ ಅವರ ಹಿಂದೆ ಓಡಿದೆ.

"ಯಾರಪ್ಪಾ ಇವ್ನು? ಕೈ ಬಿಡ್ಸು!" ಎಂದು ಹುಡುಗಿಯ ಅಜ್ಜಿ, ಅಪ್ಪನ ತಾಯಿ, ಕೂಗಿದರು.

ನೇಕಾರರು ನಿಂತರು. ಅತಿಥಿಯ ಮುಖ ನೋಡಿದರು. ತಮ್ಮ ಟವೆಲ್ ತೆಗೆದು ಅವರ ಹೆಗಲಿಗೆ ಹಾಕಿದರು. "ಹುಡ್ಗಿಗೆ ಮಾಮ ಒಬ್ನೇ ಇರ್ಬೇಕಾ ಅತ್ತೆ? ಬಾಪ್ಪಾ, ನಡಿ."

ಮೂವರೂ ಮಂಟಪ ಹತ್ತಿದರು.

ಊಟಕ್ಕೆ ಕುಳಿತಾಗ ಸಾಂಬಾರು ಹಾಕಲೇ ಎಂದು ಯಾರೋ ಕೇಳಿದರು. ನೇಕಾರರ ಕೈ ಬರಿ ಹೆಗಲಿಗೆ ಹೋಗಿ ಸುಮ್ಮನೆ ಇಳಿಯಿತು. ಪಕ್ಕದಲ್ಲಿದ್ದ ಅತಿಥಿ ಟವೆಲ್ ತೆಗೆದು ಜೋರಾಗಿ ಕೊಡವಿದರು.